ಬಿದಿರು ಊದುತ್ತಿಲ್ಲವೇ? ಉಳಿ ಹಿಡಿಯುವ ಮೊದಲು ಬಾಯಿ ಇಟ್ಟು ನೋಡಿ

ನಮ್ಮ ತೋಟ ಇರುವುದು ಕೊಡಗಿನ ಚೇರಂಬಾಣೆಯಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಒಂದು ಬಾಣೆ ಇದೆ. ಹುಲ್ಲು ಬಿಟ್ಟರೆ ಅಲ್ಲಿ ಏನೂ ಇಲ್ಲ, ಗಾಳಿಗೆ ಅಡ್ಡ ನಿಲ್ಲುವ ಮರವೂ ಇಲ್ಲ. ಅಲ್ಲಿ 11 ಬಿದಿರಿನ ಕೊಳವೆ ನಿಲ್ಲಿಸಿದ್ದೇನೆ. ಗಾಳಿ ಬಂದರೆ ಅವು ತಾವಾಗಿಯೇ ಊದುತ್ತವೆ. ಅಂಗಳದ ಮಾಡಿನಲ್ಲಿ ತೂಗುವ ಬಿದಿರು ಬೇರೆ ಇದೆ, ಶೆಡ್ಡಿನ ಪಕ್ಕ ಬೆತ್ತದ ಒಂದು ಬಿಲ್ಲೂ ಇದೆ. ಇವೆಲ್ಲ ಕೆಟ್ಟು, ನಾನು ರಿಪೇರಿ ಮಾಡಲು ಹೋಗಿ ಇನ್ನಷ್ಟು ಕೆಡಿಸಿ, ಆಮೇಲೆ ನಿಧಾನಕ್ಕೆ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗಾಳಿಗೆ ಊದುವ ಬಿದಿರು ಹೊಸ ಸಂಗತಿಯೇನಲ್ಲ. ಹುಳು ಕೊರೆದ ತೂತಿಗೆ ಗಾಳಿ ನುಗ್ಗಿ ಕೊಳಲಿನಂತೆ ಸದ್ದು ಮಾಡುವ ಬಿದಿರಿಗೆ ಸಂಸ್ಕೃತದಲ್ಲಿ ಕೀಚಕ ಅಂತಲೇ ಹೆಸರು. ನಮಗೆ ಕೀಚಕ ಅಂದರೆ ಭೀಮನ ಕೈಗೆ ಸಿಕ್ಕಿ ಸತ್ತವನೊಬ್ಬನೇ ನೆನಪಾಗುವುದು, ಅದು ಬೇರೆ ಮಾತು. ಇಂಗ್ಲೆಂಡಿನ ಬರ್ನ್ಲಿ ಊರಿನ ಮೇಲಿನ ಗುಡ್ಡದಲ್ಲಿ 2006ರಲ್ಲಿ ಉಕ್ಕಿನ ಕೊಳವೆಗಳನ್ನು ಮರದ ಆಕಾರದಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ, ಅದೂ ಗಾಳಿಗೇ ಹಾಡುತ್ತದೆ. ಆದರೆ ಅದು ಉಕ್ಕು. ಅದಕ್ಕೆ ಹುಳು ಹಿಡಿಯುವುದಿಲ್ಲ, ಮಳೆಗೆ ಅದು ಊದಿಕೊಳ್ಳುವುದಿಲ್ಲ, ಬೇಸಿಗೆಗೆ ಬಿರಿಯುವುದೂ ಇಲ್ಲ. ನಮ್ಮ ಬಿದಿರಿಗೆ ಈ ಮೂರೂ ಆಗುತ್ತದೆ, ಕೆಲವೊಮ್ಮೆ ಒಂದೇ ವರ್ಷದಲ್ಲಿ.

ನನ್ನ ಕೊಳವೆ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಒಂದು ತುದಿಯಲ್ಲಿ ಗೆಣ್ಣು ಹಾಗೇ ಇದೆ, ಆ ಕಡೆ ಮುಚ್ಚಿದೆ. ಇನ್ನೊಂದು ತುದಿಗೆ ಹಲಸಿನ ಮರದ ಬಿರಡೆ ಹೊಡೆದಿದ್ದೇನೆ. ನಡುವೆ ಗೆಣ್ಣು ಬಂದ ಕಡೆ ಕಾದ ಸರಳು ತೂರಿಸಿ ಒಡೆದು ತೆಗೆದಿದ್ದೇನೆ. ಬಿರಡೆಯ ಹತ್ತಿರ ಪಕ್ಕದಲ್ಲಿ ಉದ್ದಕ್ಕೆ ಒಂದು ಕಂಡಿ ಕೊರೆದಿದ್ದೇನೆ, 1 ಸೆಂ.ಮೀ. ಅಗಲ, 7 ಸೆಂ.ಮೀ. ಉದ್ದ. ಕಂಡಿಯ ಒಂದು ಅಂಚನ್ನು ಚೂಪಾಗಿ ಓರೆ ಕೆತ್ತಿದ್ದೇನೆ. ಗಾಳಿ ಕೊಳವೆಯನ್ನು ಬಳಸಿಕೊಂಡು ಹೋಗುವಾಗ ಆ ಚೂಪು ಅಂಚಿಗೆ ತಾಗಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ಬಾಗುತ್ತದೆ. ಒಳಗಿನ ಗಾಳಿ ಅದಕ್ಕೆ ಸರಿಯಾಗಿ ತೂಗುತ್ತದೆ. ಸ್ವರ ಬರುವುದು ಹಾಗೆ. ಇದರಲ್ಲಿ ಅಲುಗಾಡುವ ಭಾಗ ಅನ್ನುವುದೇ ಇಲ್ಲ, ಹಾಗಾಗಿ ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಕಣ್ಣಿಗೆ ಕಾಣುವುದಿಲ್ಲ.

ಮೊದಲ ವರ್ಷ ಜೂನ್‌ನಲ್ಲಿ ನಿಲ್ಲಿಸಿದೆ. ಕಕ್ಕಡ ಪೂರ್ತಿ, ಅಂದರೆ ಜುಲೈ ನಡುವಿನಿಂದ ಒಂದು ತಿಂಗಳು, ಊದಿದ್ದೇ ಊದಿದ್ದು, ರಾತ್ರಿ ನಿದ್ದೆ ಬರುವುದಿಲ್ಲ ಅಂತ ಮನೆಯಲ್ಲಿ ಬೈಸಿಕೊಂಡೆ. ನವೆಂಬರ್ ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ಒಂದೂ ಊದುತ್ತಿಲ್ಲ. ಗಾಳಿ ಇದೆ, ಹುಲ್ಲು ಅಲ್ಲಾಡುತ್ತಿದೆ, ಕೊಳವೆ ಮಾತ್ರ ಗಪ್‌ಚಿಪ್. ಮಳೆಗೆ ಬಿದಿರು ಊದಿಕೊಂಡು ಕಂಡಿ ಕಿರಿದಾಗಿರಬೇಕು ಅಂದುಕೊಂಡು ಉಳಿ ತೆಗೆದುಕೊಂಡು ಮೂರು ಕೊಳವೆಯ ಕಂಡಿ ಅಗಲ ಮಾಡಿದೆ. ಮೂರೂ ಹಾಳಾದವು. ಅಸಲಿಗೆ ಬಿದಿರಿಗೆ ಏನೂ ಆಗಿರಲಿಲ್ಲ. ಮಳೆಗಾಲದಲ್ಲಿ ಪಡುವಣದಿಂದ ಬೀಸುತ್ತಿದ್ದ ಗಾಳಿ ಈಗ ಮೂಡಣದಿಂದ ಬೀಸುತ್ತಿತ್ತು, ಅಷ್ಟೇ. ಕಂಡಿಗಳೆಲ್ಲ ಗಾಳಿಗೆ ಬೆನ್ನು ಹಾಕಿ ನಿಂತಿದ್ದವು.

ಮೊದಲು ಬಾಯಿ

ಅದಕ್ಕೇ ಹೇಳುವುದು, ಏನೇ ತೊಂದರೆ ಇರಲಿ, ಮೊದಲು ಕಂಡಿಯ ಹತ್ತಿರ ತುಟಿ ಇಟ್ಟು ಊದಿ. ನೇರ ಒಳಗೆ ಊದಬೇಡಿ. ಖಾಲಿ ಬಾಟಲಿಯ ಬಾಯಿಗೆ ಮಕ್ಕಳು ಊದುತ್ತಾರಲ್ಲ, ಹಾಗೆ ಅಡ್ಡಕ್ಕೆ, ಚೂಪು ಅಂಚಿಗೆ ಉಸಿರು ತಾಗುವ ಹಾಗೆ. ಕೊಳವೆ ದಪ್ಪವಿದ್ದು ಉಸಿರು ಸಾಲದಿದ್ದರೆ ಎಲೆ ಗುಡಿಸುವ ಬ್ಲೋವರ್ ಇದ್ದವರು ಅದನ್ನೇ ಸ್ವಲ್ಪ ದೂರ ಹಿಡಿದು ಬಿಡಬಹುದು. ಟೇಬಲ್ ಫ್ಯಾನ್ ಕೂಡ ಆಗುತ್ತದೆ, ಆದರೆ ಅದರ ಗಾಳಿ ಸುರುಳಿ ಸುತ್ತಿಕೊಂಡು ಬರುವುದರಿಂದ ಕೆಲವೊಮ್ಮೆ ಮೋಸ ಹೋಗುತ್ತೀರಿ.

ಬಾಯಿಗೆ ಊದಿದರೆ ಕೊಳವೆ ಚೆನ್ನಾಗಿದೆ, ತೊಂದರೆ ಇರುವುದು ಗಾಳಿಯಲ್ಲಿ ಅಥವಾ ನಿಲ್ಲಿಸಿದ ಜಾಗದಲ್ಲಿ. ಬಾಯಿಗೂ ಊದದಿದ್ದರೆ ತೊಂದರೆ ಕೊಳವೆಯಲ್ಲಿದೆ. ಅರ್ಧ ಕೆಲಸ ಇಲ್ಲೇ ಮುಗಿಯಿತು. ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ನನ್ನ ಮೂರು ಕೊಳವೆ ಉಳಿಯುತ್ತಿತ್ತು.

ಬಾಯಿಗೆ ಊದುತ್ತದೆ, ಗಾಳಿಗೆ ಊದುವುದಿಲ್ಲ

ಹೊಸಬರೆಲ್ಲ ಮಾಡುವ ತಪ್ಪು ಒಂದಿದೆ, ನಾನೂ ಮಾಡಿದ್ದೆ. ಕಂಡಿಯನ್ನು ಗಾಳಿಗೆ ನೇರ ಎದುರಾಗಿ ಇಡುತ್ತೇವೆ. ಗಾಳಿ ಬಂದು ಒಳಗೆ ನುಗ್ಗಲಿ ಅಂತ. ಆದರೆ ಕೊಳವೆಯ ನೆಟ್ಟಗಿನ ಎದುರು ಮುಖದಲ್ಲಿ ಗಾಳಿ ಬಡಿದು ನಿಂತೇಬಿಡುತ್ತದೆ, ಅಲ್ಲಿಂದ ಎರಡೂ ಪಕ್ಕಕ್ಕೆ ಸೀಳಿ ಹೋಗುತ್ತದೆ. ಕಂಡಿಯನ್ನು ಅಡ್ಡ ದಾಟುವ ಗಾಳಿ ಸಿಗಬೇಕಾದರೆ ಕಂಡಿ ಸ್ವಲ್ಪ ಪಕ್ಕಕ್ಕೆ ಇರಬೇಕು. ಎಷ್ಟು ಪಕ್ಕಕ್ಕೆ ಅಂತ ಲೆಕ್ಕ ಹಾಕುವುದಕ್ಕಿಂತ ಗಾಳಿ ಇರುವ ಒಂದು ಮಧ್ಯಾಹ್ನ ಕಟ್ಟು ಸಡಿಲ ಮಾಡಿ, ಕೊಳವೆಯನ್ನು ಎರಡು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಸುಮ್ನೆ ಉಸಿರಿನ ಹಾಗೆ ಸುಯ್ ಅನ್ನುತ್ತದೆ, ಇನ್ನೂ ಸ್ವಲ್ಪ ತಿರುಗಿಸಿದರೆ ತಟ್ಟನೆ ಸ್ವರ ಹಿಡಿಯುತ್ತದೆ, ಕೈಗೆ ನಡುಕ ಬರುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಟ್ಟು ಬಿಗಿ ಮಾಡಿ. ಅದೇ ಕೆಲಸ ಜೂನ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ನಾನು ಈಗ ಎರಡು ಗುರುತು ಇಟ್ಟುಕೊಂಡಿದ್ದೇನೆ, ಮಳೆಗಾಲದ್ದು ಬಿಳಿ, ಚಳಿಗಾಲದ್ದು ಕೆಂಪು.

ಇನ್ನು ಜಾಗ. ತೋಟದ ಒಳಗೆ, ಸಿಲ್ವರ್ ಮರದ ಸಾಲಿನ ಹಿಂದೆ ಇಟ್ಟು ಊದುತ್ತಿಲ್ಲ ಅಂದರೆ ನಾನೇನು ಮಾಡಲಿ. ಮರದ ಸಾಲು ಎಷ್ಟು ಎತ್ತರವಿದೆಯೋ ಅದರ ಹತ್ತು ಪಟ್ಟು ದೂರದವರೆಗೂ ಗಾಳಿ ತಗ್ಗಿರುತ್ತದೆ. ಮನೆ, ಶೆಡ್ಡು ಇವುಗಳ ಹಿಂದೆಯೂ ಹಾಗೇ, ಅಲ್ಲಿ ಗಾಳಿ ಇದ್ದರೂ ಸುತ್ತಿ ಸುಳಿಯುತ್ತದೆ, ಒಂದೇ ದಿಕ್ಕಿನಲ್ಲಿ ನಿಲ್ಲುವುದಿಲ್ಲ. ಸುಳಿಯುವ ಗಾಳಿಗೆ ಕೊಳವೆ ಕೆಮ್ಮುತ್ತದೆಯೇ ಹೊರತು ಹಾಡುವುದಿಲ್ಲ. ಒಂದು ಗಳಕ್ಕೆ ಹಳೇ ಸೀರೆಯ ತುಂಡು ಕಟ್ಟಿ ಅರ್ಧ ದಿನ ನೋಡಿ. ಬಟ್ಟೆ ಒಂದೇ ಕಡೆ ಹಾರಿದರೆ ಒಳ್ಳೇ ಜಾಗ. ಮೇಲೆ ಕೆಳಗೆ ಒದ್ದಾಡಿದರೆ ಆ ಜಾಗ ಬಿಟ್ಟುಬಿಡಿ.

ಎತ್ತರಕ್ಕೆ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ, ಮೇಲೆ ಗಾಳಿ ಜಾಸ್ತಿ ಇರುವುದೂ ನಿಜ. ಕರೆಂಟ್ ಲೈನ್ ಹತ್ತಿರ ಮಾತ್ರ ಬೇಡ. ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಜೀವ ಹೋಗಿದೆ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಸ್ವರ ಮೇಲೆ ಹೋಗಿದೆ

ಊದುತ್ತದೆ, ಆದರೆ ಮೊದಲಿನ ಸ್ವರ ಅಲ್ಲ. ಇದು ನನಗೆ ತುಂಬಾ ಇಷ್ಟವಾದ ದೋಷ, ಯಾಕೆಂದರೆ ಇದನ್ನು ಕೊಳವೆ ಬಿಚ್ಚದೆ ಲೆಕ್ಕದಲ್ಲೇ ಹಿಡಿಯಬಹುದು.

ಬಿರಡೆ ಇದ್ದರೂ ಕಂಡಿಯ ಕಡೆ ತೆರೆದಂತೆಯೇ ಲೆಕ್ಕ, ಹಾಗಾಗಿ ಇದು ಒಂದು ಕಡೆ ಮುಚ್ಚಿದ ಕೊಳವೆ. ಅದರ ಸ್ವರ ನಿರ್ಧಾರವಾಗುವುದು ಒಳಗಿನ ಗಾಳಿಯ ಉದ್ದದ ಮೇಲೆ. 34,300ನ್ನು ಸ್ವರದ ಹರ್ಟ್ಸ್‌ನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ, ಹೆಚ್ಚು ಕಡಿಮೆ. ಮೊಬೈಲ್‌ನಲ್ಲಿ ಶ್ರುತಿ ನೋಡುವ ಯಾವುದಾದರೂ ಆ್ಯಪ್ ಹರ್ಟ್ಸ್ ತೋರಿಸುತ್ತದೆ. ನನ್ನ ನಾಲ್ಕನೇ ಕೊಳವೆ ನಿಲ್ಲಿಸಿದ ದಿನ 140 ತೋರಿಸಿತ್ತು, ಅಂದರೆ 61 ಸೆಂ.ಮೀ. ಗಾಳಿ. ಜುಲೈ ಕೊನೆಗೆ ನೋಡಿದರೆ 190. ಲೆಕ್ಕ ಹಾಕಿದರೆ 45 ಸೆಂ.ಮೀ. ಹಾಗಾದರೆ ಉಳಿದ 16 ಸೆಂ.ಮೀ. ಎಲ್ಲಿ ಹೋಯಿತು?

ಕೊಳವೆ ಇಳಿಸಿ ಬಗ್ಗಿಸಿದೆ. ಕಂಡಿಯಿಂದ ಕಂದು ಬಣ್ಣದ ನೀರು ಸೀದಾ ನನ್ನ ತೋಳಿನ ಒಳಗೆ ಇಳಿಯಿತು. ಕೊಳೆತ ಎಲೆಯ ನಾತ. ಅಂಗೈಯಲ್ಲಿ ಉಳಿದ ನೀರಿನಲ್ಲಿ ಸೊಳ್ಳೆ ಮರಿಗಳು ಕೊಂಕಿ ಕೊಂಕಿ ಈಜುತ್ತಿದ್ದವು. ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಕಪ್ಪೆ ಕಂಡಿಯಿಂದ ತಲೆ ಹಾಕಿ ನನ್ನನ್ನು ನೋಡಿ, ಇದು ಯಾರ ಮನೆ ಅಂದುಕೊಂಡಿದ್ದೀಯ ಅನ್ನುವ ಹಾಗೆ ಅಲ್ಲೇ ಕೂತಿತು.

ಮಡಿಕೇರಿ ಕಡೆ ವರ್ಷಕ್ಕೆ 120 ಇಂಚು ಮಳೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ. ಕಂಡಿ ಮೇಲೆ, ಗೆಣ್ಣು ಕೆಳಗೆ ಇಟ್ಟರೆ ಅದು ಕೊಳವೆ ಅಲ್ಲ, ಅಂಡೆ. ಗೆಣ್ಣಿಗೆ ತೂತು ಹೊಡೆದರೆ ನೀರು ಹೋಗುತ್ತದೆ, ನಿಜ, ಆದರೆ ಮುಚ್ಚಿರಬೇಕಾದ ಕಡೆಯೇ ತೂತು ಬಿದ್ದು ಸ್ವರ ಸೊರಗುತ್ತದೆ. ಸರಿಯಾದ ದಾರಿ ಅಂದರೆ ಕೊಳವೆಯನ್ನೇ ತಲೆಕೆಳಗು ಮಾಡುವುದು. ಗೆಣ್ಣು ಮೇಲೆ, ಬಿರಡೆ ಮತ್ತು ಕಂಡಿ ಕೆಳಗೆ. ಬಿರಡೆಯ ಪಕ್ಕದಲ್ಲೇ 3 ಮಿ.ಮೀ. ತೂತು ಒಂದು. ಕಂಡಿಯ ಹತ್ತಿರ ಹೇಗೂ ಒಳಗಿನ ಗಾಳಿ ಹೊರಗಿನ ಗಾಳಿಗೆ ಸೇರಿಕೊಂಡೇ ಇರುವುದರಿಂದ ಅಲ್ಲಿ ಸಣ್ಣ ತೂತು ಇದ್ದರೆ ಸ್ವರಕ್ಕೆ ಏನೂ ಆಗುವುದಿಲ್ಲ. ಮೇಲಿನ ಗೆಣ್ಣಿನ ಮೇಲೆ ನೀರು ನಿಲ್ಲದ ಹಾಗೆ ಒಂದು ತೆಂಗಿನ ಕರಟ ಕವುಚಿ ಹಾಕಿ, ಟೋಪಿ ಹಾಕಿದ ಹಾಗೆ ಚೆನ್ನಾಗಿಯೂ ಕಾಣುತ್ತದೆ.

ಒಂದು ಮಾತು. ಸ್ವರ ಸ್ವಲ್ಪವೇ ಮೇಲೆ ಕೆಳಗೆ ಆದರೆ ಅದು ದೋಷ ಅಲ್ಲ. ಡಿಸೆಂಬರ್ ಬೆಳಗ್ಗೆ 12 ಡಿಗ್ರಿ ಇದ್ದು ಮಧ್ಯಾಹ್ನ 28 ಆದರೆ ಗಾಳಿಯಲ್ಲಿ ಶಬ್ದದ ವೇಗ ಸುಮಾರು 3 ಶೇಕಡಾ ಏರುತ್ತದೆ, ಸ್ವರವೂ ಅಷ್ಟೇ ಏರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ದೂರದ ಅರ್ಧ. ಕಿವಿ ಚುರುಕಾಗಿರುವವರು ಇದನ್ನು ಹಿಡಿದು ಕೊಳವೆ ಕೆತ್ತಲು ಕೂರುತ್ತಾರೆ. ಬೇಡ.

ಕಿರುಚುತ್ತಿದೆ

ಜೋರು ಗಾಳಿಗೆ ಗುಂಯ್ ಅನ್ನುವ ಕೊಳವೆ ಇದ್ದಕ್ಕಿದ್ದಂತೆ ಸೀಟಿ ಹೊಡೆದ ಹಾಗೆ ಮೇಲಕ್ಕೆ ಹಾರುತ್ತದೆ. ಇಲ್ಲಿ ಯಾವ ಸ್ವರಕ್ಕೆ ಹಾರಿತು ಅನ್ನುವುದನ್ನು ಕೇಳಿಸಿಕೊಳ್ಳಿ. ಕೆಳಗಿನ ಸ್ವರ ಸ ಅಂದುಕೊಂಡರೆ, ಒಂದು ಕಡೆ ಮುಚ್ಚಿದ ಕೊಳವೆ ಹಾರುವುದು ಮೇಲಿನ ಸ್ಥಾಯಿಯ ಪಗೆ, ಅಂದರೆ ಮೂರು ಪಟ್ಟು. 140 ಇದ್ದದ್ದು 420. ಹಾಗಿದ್ದರೆ ಕೊಳವೆ ಗಟ್ಟಿಯಾಗಿದೆ, ಗಾಳಿಯೇ ಜಾಸ್ತಿ. ಮೇಲಿನ ಸಗೆ, ಅಂದರೆ ಎರಡು ಪಟ್ಟಿಗೆ ಹಾರಿದರೆ ಅಥವಾ ಸದಾ ಅಲ್ಲೇ ಇದ್ದರೆ ಗೆಣ್ಣಿನ ಕಡೆ ಎಲ್ಲೋ ತೆರೆದುಕೊಂಡಿದೆ. ಎರಡೂ ಕಡೆ ತೆರೆದ ಕೊಳವೆಯ ಲಕ್ಷಣ ಅದು. ಗೆಣ್ಣಿನ ಪರದೆಯಲ್ಲಿ ಬಿರುಕು ಹುಡುಕಿ, ಸಿಗುತ್ತದೆ.

ಗಾಳಿ ಜಾಸ್ತಿಯಾಗಿ ಕಿರುಚುವುದಕ್ಕೆ ಮದ್ದು ಕಂಡಿಯ ಅಗಲದಲ್ಲಿದೆ. ಕಂಡಿ ಅಗಲವಾದಷ್ಟೂ ಊದಲು ಹೆಚ್ಚು ಗಾಳಿ ಬೇಕು, ಕಿರುಚಲೂ ಹೆಚ್ಚು ಗಾಳಿ ಬೇಕು. ಕಿರಿದಾದರೆ ತಂಗಾಳಿಗೂ ಹಾಡುತ್ತದೆ, ಆದರೆ ಆಷಾಢದ ಗಾಳಿಗೆ ಗಂಟಲು ಹರಿದುಕೊಳ್ಳುತ್ತದೆ. ಎರಡೂ ಬೇಕು ಅಂದರೆ ಒಂದೇ ಕೊಳವೆಯಲ್ಲಿ ಆಗುವುದಿಲ್ಲ. ನಾನು ಎಷ್ಟೋ ದಿನ ಒದ್ದಾಡಿ ಕೊನೆಗೆ ಕೈ ಬಿಟ್ಟೆ. ಈಗ 6 ಕೊಳವೆ ಮಳೆಗಾಲಕ್ಕೆ, 5 ಕೊಳವೆ ಬೇಸಿಗೆಗೆ. ಉಳಿ ಹಾಕಿ ಹಾಳು ಮಾಡಿದೆ ಅಂದೆನಲ್ಲ, ಆ ಮೂರೂ ಮಳೆಗಾಲದ ಸಾಲಿಗೆ ಸೇರಿ ಪರವಾಗಿಲ್ಲ ಅನ್ನುವಷ್ಟು ಊದುತ್ತಿವೆ.

ಬಾಯಿಗೂ ಊದುವುದಿಲ್ಲ

ಕೊಳವೆ ಇಳಿಸಿ. ಕಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹತ್ತರಲ್ಲಿ ಐದು ಸಲ ಯಾರಾದರೂ ಸಂಸಾರ ಹೂಡಿರುತ್ತಾರೆ. ಮಣ್ಣಿನ ಗೂಡು ಕಟ್ಟುವ ಕಣಜ, ಇರುವೆ, ಜೇಡ, ಎಲೆ ಕತ್ತರಿಸಿ ತಂದು ತುರುಕುವ ಒಂಟಿ ಜೇನು. ಕಣಜದ ಮಣ್ಣು ಕಂಡಿಯ ಅಂಚಿಗೆ ಒಂದು ಕಡಲೆಕಾಳಿನಷ್ಟು ಅಂಟಿದರೂ ಸಾಕು, ಸ್ವರ ಸತ್ತಿತು. ಒಳಗೆ ಹುಳ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತೆಂಗಿನ ಗರಿಯ ಕಡ್ಡಿಯಿಂದ ಕೆರೆದು ತೆಗೆಯಿರಿ. ಉಳಿ ಬೇಡ, ಅಂಚು ಹೋಗುತ್ತದೆ.

ನಸರಿ ಜೇನು ಸೇರಿದ್ದರೆ ಬೇರೆ ವಿಷಯ. ಕಂಡಿಯನ್ನೆಲ್ಲ ಮೇಣದಿಂದ ಮುಚ್ಚಿ, ಒಂದು ಸಣ್ಣ ಕೊಳವೆಯಂತಹ ಬಾಗಿಲು ಬಿಟ್ಟುಕೊಂಡಿರುತ್ತವೆ. ನನ್ನ ಒಂಬತ್ತನೇ ಕೊಳವೆ ಹೀಗೆ ಹೋಯಿತು. ಓಡಿಸಲು ಮನಸ್ಸಾಗಲಿಲ್ಲ. ಅದನ್ನು ಮನೆಯ ಗೋಡೆಗೆ ಕಟ್ಟಿ ಬಾಣೆಯಲ್ಲಿ ಇನ್ನೊಂದು ನಿಲ್ಲಿಸಿದೆ.

ಹುಳ ಇಲ್ಲ, ಮಣ್ಣೂ ಇಲ್ಲ ಅಂದರೆ ಅಂಚನ್ನು ಬೆರಳಿನಿಂದ ಸವರಿ. ಎರಡು ಮಳೆಗಾಲ ಕಳೆದ ಕೊಳವೆಯ ಅಂಚು ಪಾಚಿ ಹಿಡಿದು, ನಾರು ಎದ್ದು, ಹಳೇ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಆಗಿರುತ್ತದೆ. ಗಾಳಿ ಅದಕ್ಕೆ ತಾಗಿ ಚದುರಿ ಹೋಗುತ್ತದೆ. ಪೂರ್ತಿ ಒಣಗಲು ಬಿಡಿ, ಕನಿಷ್ಠ ಒಂದು ವಾರ ನೆರಳಲ್ಲಿ. ಆಮೇಲೆ ನಯವಾದ ಉಪ್ಪುಕಾಗದದಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಬಿಸಿ ಜೇನುಮೇಣ ಬೆರಳಲ್ಲಿ ಸವರಿ. ಒದ್ದೆ ಇರುವಾಗ ಉಜ್ಜಿದರೆ ನಾರು ಇನ್ನಷ್ಟು ಏಳುತ್ತದೆ, ನನ್ನ ಹಾಗೆ ಅವಸರ ಮಾಡಬೇಡಿ.

ಅದೂ ಸರಿ ಇದೆ ಅಂದರೆ ಬಿರುಕು. ಕೆಲವು ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. ಕಂಡಿಯನ್ನು ಅಂಗೈಯಿಂದ ತಟ್ಟಿ ತಕ್ಷಣ ಕೈ ತೆಗೆಯಿರಿ. ಪೊಕ್ ಅಂತ ತುಂಬಿದ ಸದ್ದು ಬಂದರೆ ಗಟ್ಟಿ. ಪಸ್ ಅಂದರೆ ಎಲ್ಲೋ ಗಾಳಿ ಸೋರುತ್ತಿದೆ. ಕಂಡಿ ಮತ್ತು ತೂತಿಗೆ ಟೇಪ್ ಸುತ್ತಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಸೈಕಲ್ ಟ್ಯೂಬ್ ಪಂಕ್ಚರ್ ನೋಡುತ್ತಾರಲ್ಲ ಹಾಗೆ. ಗುಳ್ಳೆ ಬಂದ ಕಡೆ ಬಿರುಕು.

ಬಿರುಕು ಮತ್ತು ಹಿಟ್ಟು

ಬಿರುಕು ಬರುವುದು ಮಳೆಗಾಲದಲ್ಲಿ ಅಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ, ಕಾಫಿ ಹೂ ಬಿಡಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಾ ಕೂತಿರುವಾಗ. ನಾಲ್ಕು ತಿಂಗಳು ನೀರು ಕುಡಿದ ಬಿದಿರು ಒಣ ಗಾಳಿಗೆ ಸಿಕ್ಕಿ ಬೇಗ ಬೇಗ ಕುಗ್ಗುತ್ತದೆ, ಹೊರಗಿನ ಸಿಪ್ಪೆ ಮತ್ತು ಒಳಗಿನ ತಿರುಳು ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ರಾತ್ರಿ ಟಪ್ ಅಂತ ಸದ್ದು ಕೇಳಿದರೆ ಒಂದು ಕೊಳವೆ ಹೋಯಿತು ಅಂತಲೇ ಲೆಕ್ಕ. ಸಣ್ಣ ಬಿರುಕಿಗೆ ಮೇಣ ತುಂಬಿ, ನೆನೆಸಿದ ಬೆತ್ತದ ಸೀಳನ್ನು ಒತ್ತೊತ್ತಾಗಿ ಸುತ್ತಿ ಬಿಗಿಯಿರಿ. ಬೆತ್ತ ಒಣಗಿದ ಹಾಗೆ ಕುಗ್ಗಿ ಹಿಡಿತ ಕೊಡುತ್ತದೆ. ನೈಲಾನ್ ದಾರಕ್ಕೆ ಈ ಗುಣ ಇಲ್ಲ.

ಕೊಳವೆಯ ಕೆಳಗೆ ಟಾಲ್ಕಂ ಪೌಡರಿನಂತಹ ಹಳದಿ ಹಿಟ್ಟು ಬಿದ್ದಿದ್ದರೆ ಕುಟ್ಟೆ ಹುಳು. ಗುಂಡುಸೂಜಿಯ ತಲೆಯಷ್ಟು ತೂತುಗಳು ಕಾಣುತ್ತವೆ. ಒಂದೆರಡು ತೂತಾದರೆ ಮೇಣದಿಂದ ಮುಚ್ಚಿ ನೋಡಬಹುದು. ಹತ್ತು ಇಪ್ಪತ್ತು ಆಗಿದ್ದರೆ ಒಲೆಗೆ ಹಾಕಿ, ಪಕ್ಕದ ಕೊಳವೆಗೆ ಹರಡುವ ಮೊದಲು.

ಮೊದಲ ವರ್ಷದ ಕೊಳವೆಗಳಲ್ಲಿ ನಾಲ್ಕಕ್ಕೆ ಕುಟ್ಟೆ ಹಿಡಿದಾಗ ಬುಟ್ಟಿ ಹೆಣೆಯುವ ಅಜ್ಜ ಒಬ್ಬರಿಗೆ ತೋರಿಸಿದೆ. ಅವರು ಕೊಳವೆ ಕೈಗೆ ತೆಗೆದುಕೊಂಡು ಉಗುರಿನಿಂದ ಟಿಣ್ ಅಂತ ಒಂದು ಸಲ ಮೀಟಿದರು, ಕತ್ತರಿಸಿದ ತುದಿಯನ್ನು ನಾಲಿಗೆಗೆ ತಾಗಿಸಿ ಉಗಿದರು.

"ಯಾವಾಗ ಕಡಿದ್ರಿ ಅಣ್ಣಾ?"

"ಮಳೆ ಶುರುವಾಗೋಕೆ ಮುಂಚೆ, ಮೇ ತಿಂಗಳಲ್ಲಿ. ಯಾಕಜ್ಜ?"

"ಎಳೇದು. ಎರಡು ವರ್ಷವೂ ಆಗಿಲ್ಲ. ಸಿಹಿ ಇದೆ ಇನ್ನೂ. ನಿಮಗೆ ಸಿಹಿ ಗೊತ್ತಾಗಲ್ಲ, ಹುಳಕ್ಕೆ ಗೊತ್ತಾಗ್ತದೆ."

ಅಷ್ಟೇ ಹೇಳಿ ಎಲೆ ಅಡಿಕೆ ಹಾಕಿಕೊಂಡರು. ವಿಷಯ ಅದೇ. ಬಿದಿರಿನಲ್ಲಿರುವ ಪಿಷ್ಟ, ಸಕ್ಕರೆಗೇ ಕುಟ್ಟೆ ಬರುವುದು. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನು ಮಳೆ ನಿಂತು ಚಳಿ ಬಿದ್ದ ಮೇಲೆ ಕಡಿಯಬೇಕು. ಹಳಬರು ಅಮಾವಾಸ್ಯೆಯ ಹತ್ತಿರ ಕಡಿಯಿರಿ ಅನ್ನುತ್ತಾರೆ, ನಾನೂ ಈಗ ಹಾಗೇ ಮಾಡುತ್ತೇನೆ, ನಷ್ಟವೇನಿಲ್ಲ. ಕಡಿದದ್ದನ್ನು ಎರಡು ಮೂರು ವಾರ ತೋಡಿನ ಹರಿಯುವ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರೆ ಸಿಹಿ ಕರಗಿ ಹೋಗುತ್ತದೆ. ಇನ್ನೊಂದು ದಾರಿ ಅಂದರೆ 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್ ಕರಗಿಸಿ ಒಂದು ವಾರ ನೆನೆಸುವುದು. ಆದರೆ ಈ ಉಪ್ಪು ಮಳೆಗೆ ಮತ್ತೆ ತೊಳೆದು ಹೋಗುತ್ತದೆ, ನಮ್ಮ ಮಳೆಗೆ ಕೇಳಬೇಕೇ. ಅದಕ್ಕೆ ಒಣಗಿದ ಮೇಲೆ ಹೊರಗೆ ಅಗಸೆ ಎಣ್ಣೆ ಎರಡು ಕೈ ಹಚ್ಚಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಕೈ. ಆ ನೀರನ್ನು ತೋಡಿಗೆ, ಗಿಡದ ಬುಡಕ್ಕೆ ಚೆಲ್ಲಬೇಡಿ, ಮುಂದಿನ ಸಲಕ್ಕೆ ಎತ್ತಿಡಿ.

ಯಾವ ಬಿದಿರು ಅನ್ನುವುದೂ ಮುಖ್ಯ. ವಾಟೆ ಬಿದಿರಿನ ಗೋಡೆ ತೆಳು, ಗೆಣ್ಣಿಂದ ಗೆಣ್ಣಿಗೆ ಉದ್ದ ಜಾಸ್ತಿ, ಬೇಗ ಊದುತ್ತದೆ, ಬೇಗ ಬಿರಿಯುತ್ತದೆ. ಮುಳ್ಳಿರುವ ಹೆಬ್ಬಿದಿರು ಗಟ್ಟಿ, ಆದರೆ ನಡುವಿನ ಗೆಣ್ಣು ಒಡೆಯುವುದೇ ಒಂದು ಕೆಲಸ. ಒಡೆದ ಗೆಣ್ಣಿನ ಅಂಚು ಒಳಗೆ ಬಳೆಯಂತೆ ಉಳಿದುಬಿಟ್ಟರೆ ಸ್ವರ ಲೆಕ್ಕಕ್ಕೆ ಸಿಗುವುದಿಲ್ಲ, ಕಸವೂ ಅಲ್ಲೇ ಹಿಡಿಯುತ್ತದೆ. ಕಿರುಬಿದಿರು ಬೇಡವೇ ಬೇಡ, ಒಳಗೆ ಟೊಳ್ಳೇ ಕಡಿಮೆ.

ತೂಗುವ ಬಿದಿರು ಟಕ್ ಅನ್ನುತ್ತದೆ

ಇದು ಬೇರೆ ಜಾತಿ. ಇಲ್ಲಿ ಗಾಳಿ ಊದುವುದಿಲ್ಲ, ಬಡಿಸುತ್ತದೆ. ಬಡಿದಾಗ ಟೊಂಯ್ ಅನ್ನಬೇಕಾದದ್ದು ಟಕ್ ಅಂತ ಸತ್ತುಹೋದರೆ ಹತ್ತರಲ್ಲಿ ಎಂಟು ಸಲ ದಾರ ಕಟ್ಟಿದ ಜಾಗ ತಪ್ಪು. ಬಡಿದ ಬಿದಿರು ಬಿಲ್ಲಿನ ಹಾಗೆ ಬಾಗಿ ತೂಗುತ್ತದೆ. ತುದಿಗಳು ಮತ್ತು ನಡು ಜೋರಾಗಿ ಅಲ್ಲಾಡುತ್ತವೆ, ಎರಡು ಜಾಗ ಮಾತ್ರ ಅಲ್ಲಾಡದೆ ನಿಲ್ಲುತ್ತವೆ. ಅವು ಪ್ರತಿ ತುದಿಯಿಂದ ಉದ್ದದ 22.4 ಶೇಕಡಾ ಒಳಗೆ. ಬಿದಿರು 50 ಸೆಂ.ಮೀ. ಇದ್ದರೆ ತುದಿಯಿಂದ 11.2 ಸೆಂ.ಮೀ. ಅಲ್ಲೇ ತೂತು ಹೊಡೆದು ದಾರ ಹಾಕಿ. ಬೇರೆ ಕಡೆ ಕಟ್ಟಿದರೆ ದಾರವೇ ಸದ್ದನ್ನು ನುಂಗುತ್ತದೆ. ಬಡಿಯುವ ಕರಟ ಬಿದಿರಿನ ಸರಿ ನಡುವಿಗೆ ಬರಬೇಕು. ಗೆಣ್ಣು ಇರುವ ಬಿದಿರು ಈ ಲೆಕ್ಕದಿಂದ ಸ್ವಲ್ಪ ಆಚೀಚೆ ಆಗುತ್ತದೆ, ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತಟ್ಟುತ್ತಾ ಹೋದರೆ ಕೈಗೇ ಗೊತ್ತಾಗುತ್ತದೆ.

ಶ್ರುತಿ ಸರಿ ಮಾಡಲು ಕತ್ತರಿಸುವಾಗ ಜೋಪಾನ. ಊದುವ ಕೊಳವೆ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಬಡಿಯುವ ಬಿದಿರು ಹಾಗಲ್ಲ, 50 ಇದ್ದದ್ದನ್ನು 35 ಮಾಡಿದರೆ ಸಾಕು, ಒಂದು ಸ್ಥಾಯಿ ಮೇಲೆ ಹೋಗಿರುತ್ತದೆ. ಒಂದೊಂದೇ ಸೆಂ.ಮೀ. ಕೆರೆಯಿರಿ. ಮಳೆಗಾಲದಲ್ಲಿ ಶ್ರುತಿ ಮಾಡಲೇಬೇಡಿ, ಒದ್ದೆ ಬಿದಿರು ಮಂಕು, ಒಣಗಿದಾಗ ಎಲ್ಲ ತಪ್ಪಾಗಿರುತ್ತದೆ.

ದಾರ ತೆಂಗಿನ ಹುರಿಯಾದರೆ ಎರಡು ಮಳೆಗಾಲ, ಬೈನೆ ಮರದ ನಾರಾದರೆ ಇನ್ನೂ ಜಾಸ್ತಿ.

ಬೆತ್ತದ ಬಿಲ್ಲು

ಬಿದಿರಿನ ಬಿಲ್ಲಿಗೆ ತೆಳ್ಳಗೆ ಸೀಳಿದ ಬೆತ್ತದ ಪಟ್ಟಿ ಕಟ್ಟಿ ಎತ್ತರಕ್ಕೆ ನಿಲ್ಲಿಸಿದರೆ ಗಾಳಿಗೆ ಗುಂಯ್‌ಗುಡುತ್ತದೆ. ಮಲೇಷ್ಯಾದಲ್ಲಿ ದೊಡ್ಡ ಗಾಳಿಪಟದ ತಲೆಗೆ ಇಂಥದ್ದನ್ನು ಕಟ್ಟುತ್ತಾರೆ. ಇದರ ದೋಷ ಒಂದೇ, ಮಳೆಗೆ ಪಟ್ಟಿ ಸಡಿಲ, ಬಿಸಿಲಿಗೆ ಬಿಗಿ. ಸಡಿಲವಾದರೆ ಪಟಪಟ ಅನ್ನುತ್ತದೆ, ಬಿಗಿಯಾದರೆ ಸುಮ್ಮನಾಗುತ್ತದೆ. ಪಟ್ಟಿ ಮುರುಟಿಕೊಂಡಿದ್ದರೂ ಊದುವುದಿಲ್ಲ. ಒಂದು ತುದಿಗೆ ಬೆಣೆ ಇಟ್ಟು ಬಿಗಿ ಸಡಿಲ ಮಾಡುವ ಹಾಗೆ ಕಟ್ಟಿಕೊಳ್ಳಿ.

ಪಟ್ಟಿಯ ಬದಲು ದಾರ ಕಟ್ಟುವವರಿಗೆ ಒಂದು ಲೆಕ್ಕ ಇದೆ, 1878ರಲ್ಲಿ ಸ್ಟ್ರೌಹಾಲ್ ಅನ್ನುವವರು ಅಳೆದು ಹೇಳಿದ್ದು. ಗಾಳಿಯ ವೇಗವನ್ನು ದಾರದ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಗಾಳಿ ದಾರದ ಹಿಂದೆ ಸುಳಿ ಬಿಡುವ ಲೆಕ್ಕ ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿ, 1 ಮಿ.ಮೀ. ದಾರ ಅಂದರೆ 1000 ಹರ್ಟ್ಸ್, ಕಿವಿಗೆ ಚುಚ್ಚುತ್ತದೆ. 5 ಮಿ.ಮೀ. ಹುರಿ ಅಂದರೆ 200. ಸದ್ದು ಕೀರಲಾಗಿದೆ ಅಂದರೆ ದಾರ ದಪ್ಪ ಮಾಡಿ, ಅಷ್ಟೇ.

ಎಲ್ಲಿಂದ ಬರುತ್ತಿದೆ ಗೊತ್ತಾಗದ ಸದ್ದು

ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದು ರಾತ್ರಿ 11 ಕೊಳವೆಯಲ್ಲಿ ಯಾವುದಕ್ಕೂ ಸೇರದ ಒಂದು ಸ್ವರ ಶುರುವಾಯಿತು. ಸಣ್ಣಗೆ ಅಳುವ ಹಾಗೆ, ಗಾಳಿ ಏರಿದಾಗ ಮಾತ್ರ. ಇಂಥ ಸದ್ದು ಹಿಡಿಯುವ ದಾರಿ ಹೊಸದೇನಲ್ಲ, ಒಂದೊಂದೇ ಕೊಳವೆಯ ಕಂಡಿಗೆ ತೆಂಗಿನ ನಾರು ತುರುಕುತ್ತಾ ಬನ್ನಿ, ಯಾವುದನ್ನು ಮುಚ್ಚಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಕೊಡೆ, ಟಾರ್ಚ್, ನಾರಿನ ಚೀಲ ಹಿಡಿದು ಬಾಣೆ ಹತ್ತಿದೆ. ಜಿಗಣೆ ಎಷ್ಟು ಹತ್ತಿದವೋ ಲೆಕ್ಕ ಇಲ್ಲ. ಹನ್ನೊಂದನ್ನೂ ಮುಚ್ಚಿದೆ. ಬಾಣೆ ಪೂರ್ತಿ ಸುಮ್ಮನಾಯಿತು. ಸದ್ದು ಮಾತ್ರ ಹಾಗೇ ಇತ್ತು, ಕೆಳಗಿನಿಂದ, ಮನೆಯ ಕಡೆಯಿಂದ.

ಶೆಡ್ಡಿನ ಹೊರಗೆ ಮೆಣಸಿನ ಏಣಿ ಒರಗಿಸಿಟ್ಟಿದ್ದೆ. ಅಲ್ಯೂಮಿನಿಯಂದು, ಮೆಟ್ಟಿಲುಗಳೆಲ್ಲ ಟೊಳ್ಳು ಕೊಳವೆ, ತುದಿ ತೆರೆದಿವೆ. ಗಾಳಿ ಅವುಗಳ ಬಾಯಿ ಸವರಿಕೊಂಡು ಹೋಗುತ್ತಿತ್ತು. ನಾನು ಎರಡು ವರ್ಷ ತಿಣುಕಿ ಕಲಿತದ್ದನ್ನು ಆ ಏಣಿ ಸುಮ್ನೆ ಒರಗಿಕೊಂಡೇ ಮಾಡುತ್ತಿತ್ತು. ಒಳಗೆ ಎತ್ತಿಟ್ಟೆ, ನಿಂತಿತು.

ಬೆಳಗ್ಗೆ ಹೋಗಿ ನಾರು ಕಿತ್ತೆ. ಆದರೂ ಎರಡು ಕೊಳವೆ ಊದುತ್ತಿಲ್ಲ. ಗುರುತು ನೋಡಿದೆ, ತಿರುಗಿಸಿದೆ, ಅಂಚು ಸವರಿದೆ. ಕೊನೆಗೆ ತುಟಿ ಇಟ್ಟು ಜೋರಾಗಿ ಊದಿದರೆ ಬಾಯಿಗೆ ಒದ್ದೆ ತೆಂಗಿನ ನಾರು ಬಂತು.